ಓಡುವ ಮಗಳಿಗೆ ಸಾಕಷ್ಟು ಊಟ

ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಓಟ, ಕಬಡ್ಡಿ, ಖೊಖೊ ಆಟಗಳಲ್ಲಿ ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ವ್ಯಾಯಾಮದಿಂದ ಹೃದಯವೂ ಎಲುಬುಗಳೂ ಬಲಗೊಳ್ಳುತ್ತವೆ. ಆದರೆ ಉಳುವ ಎತ್ತಿಗೆ ಹೆಚ್ಚು ಮೇವು ಹಾಕಬೇಕೆಂದು ಬಲ್ಲ ನಾವು, ಓಡುವ ಮಗಳಿಗೆ ಹೆಚ್ಚು ಊಟ ಬೇಕೆಂಬುದನ್ನು ಅನೇಕ ವೇಳೆ ಮರೆಯುತ್ತೇವೆ. ಇದರಿಂದಾಗುವ ಹಾನಿಯನ್ನು ತಂದೆತಾಯಿಗಳಾದ ನೀವಿಬ್ಬರೂ ಅರಿತಿರಬೇಕು.

ಮುಟ್ಟು ನಿಲ್ಲುವುದೇಕೆ?

ಆಹಾರದಿಂದ ದೊರೆತ ಶಕ್ತಿಯಲ್ಲಿ ಆಟಕ್ಕೆ ವೆಚ್ಚವಾಗಿ ಉಳಿದುದರಿಂದಲೇ ದೇಹದ ಇತರ ಕೆಲಸಗಳು ನಡೆಯಬೇಕು. ಉಳಿದುದು ಸಾಲದಾದಾಗ, ಜೀವಧಾರಣೆಗೆ ಒಡನೆಯೇ ಬೇಕಿಲ್ಲದ ಕೆಲಸಗಳನ್ನು ದೇಹವು ತಡೆಹಿಡಿಯುತ್ತದೆ. ಮೆದುಳಿನಿಂದ ಅಂಡಾಶಯಕ್ಕೆ ಬರುವ ಪ್ರಚೋದನೆ ಕುಗ್ಗಿ, ಮುಟ್ಟು ತಡವಾಗುತ್ತದೆ ಅಥವಾ ನಿಂತುಹೋಗುತ್ತದೆ. ನೋಡಲು ತೆಳ್ಳಗಿಲ್ಲದ ಹುಡುಗಿಗೂ ಹೀಗಾಗಬಹುದು.

ಆಗ ಎಲುಬನ್ನು ಕಾಯುವ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಎಲುಬಿನ ಗಟ್ಟಿತನದ ಬಹುಪಾಲು ಸುಮಾರು 20 ವರ್ಷದೊಳಗೆ ಕೂಡಿಬರುವುದರಿಂದ, ಆ ವಯಸ್ಸಿನಲ್ಲಾದ ನಷ್ಟವನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಅಮೆರಿಕದ ಓಟಗಾರ್ತಿ ಮೇರಿ ಕೇನ್ 2013ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದವರು. ತೂಕ ಇಳಿಸುವ ಒತ್ತಾಯಕ್ಕೆ ಸಿಲುಕಿ ಮೂರು ವರ್ಷ ಮುಟ್ಟು ನಿಂತು, ಐದು ಎಲುಬುಗಳು ಮುರಿದುವೆಂದು 2019ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು.

ಗಮನಿಸಬೇಕಾದ ಚಿಹ್ನೆಗಳು

1. ಮೂರು ತಿಂಗಳು ಮುಟ್ಟಾಗದಿರುವುದು. 15 ವರ್ಷ ತುಂಬಿದರೂ ಮೈನೆರೆಯದಿರುವುದು.
2. ಕಾಲಿನ ಒಂದೇ ಎಲುಬಿನಲ್ಲಿ ಮರಳಿ ಮರಳಿ ನೋವು.
3. ಸದಾ ಆಯಾಸ, ಮೇಲಿಂದ ಮೇಲೆ ನೆಗಡಿ, ಜ್ವರ.
4. ಊಟ ತಪ್ಪಿಸುವುದು, ಹೆಚ್ಚು ಅಭ್ಯಾಸ ಮಾಡಿದರೂ ಆಟದಲ್ಲಿ ಹಿಂದೆ ಬೀಳುವುದು.

ನೀವು ಮಾಡಬೇಕಾದುದು

ಮುಟ್ಟು ನಿಂತುದನ್ನು ಕಂಡು ಮಗಳನ್ನು ಶಂಕಿಸಬೇಡಿ, ಗದರಿಸಬೇಡಿ. ಆಟ ಆಡುವವರಿಗೆ ಇದು ಸಹಜವೆಂದು ಸುಮ್ಮನಿರಲೂಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಬೇರೆ ಕಾರಣಗಳೂ ಇರಬಹುದು. ಗುಳಿಗೆಯಿಂದ ಮುಟ್ಟು ಬರಿಸಿದ ಮಾತ್ರಕ್ಕೆ ಆಹಾರದ ಕೊರತೆ ನೀಗುವುದಿಲ್ಲ.

ಅಭ್ಯಾಸಕ್ಕೆ ಮುಂಚೆ ಬಾಳೆಹಣ್ಣನ್ನೋ ರೊಟ್ಟಿಯನ್ನೋ ಕೊಡಿ. ಮುಗಿದೊಡನೆ ಊಟ ಬಡಿಸಿ. ಮುದ್ದೆ, ಅನ್ನ, ಬೇಳೆ, ಕಾಳು, ಸೊಪ್ಪು, ಕಡಲೆಕಾಯಿ, ಹಾಲು, ಮೊಟ್ಟೆ ಇವು ದುಬಾರಿ ಪುಡಿಗಳಿಗಿಂತ ಮೇಲು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ತಪ್ಪಿಸದಿರಲಿ. ವಾರಕ್ಕೆ ಒಂದು ದಿನವಾದರೂ ಅಭ್ಯಾಸಕ್ಕೆ ಬಿಡುವಿರಲಿ. ಆ ದಿನ ನೀರು ಹೊರುವ, ಕಳೆ ಕೀಳುವ ಕೆಲಸವೂ ಹಗುರವಾಗಿರಲಿ.

ಮದುವೆಯಾದ ಕ್ರೀಡಾಪಟುಗಳಿಗೆ ಒಂದು ಮಾತು. ಮುಟ್ಟು ನಿಂತಿದೆಯಾದ್ದರಿಂದ ಗರ್ಭ ನಿಲ್ಲದೆಂದು ನಂಬಬೇಡಿ. ಅಂಡವು ಮುಟ್ಟಿಗೆ ಮೊದಲೇ ಬಿಡುಗಡೆಯಾಗುವುದರಿಂದ ಗರ್ಭಧಾರಣೆ ಸಾಧ್ಯ. ಆದ್ದರಿಂದ ಮೊದಲು ಗರ್ಭ ಪರೀಕ್ಷೆ ಮಾಡಿಸಿ, ಮಗು ಬೇಡದಿದ್ದರೆ ಸೂಕ್ತ ವಿಧಾನವನ್ನು ಆರೋಗ್ಯ ಕಾರ್ಯಕರ್ತೆಯಲ್ಲಿ ಕೇಳಿ ತಿಳಿಯಿರಿ.

ಹೆಂಗಸರು ಕಡೆಯಲ್ಲಿ, ಉಳಿದುದನ್ನು ಉಣ್ಣುವ ರೂಢಿ ಇನ್ನೂ ಹಲವು ಮನೆಗಳಲ್ಲಿದೆ. ಇಂದು ರಾತ್ರಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಮಗಳ ತಟ್ಟೆ ತುಂಬಿದೆಯೇ ಎಂಬುದನ್ನು ತಾಯಿಯೊಡನೆ ತಂದೆಯೂ ನೋಡಲಿ.