ಕಾಂಡದೊಳಗಿನ ಹುಳಕ್ಕೆ ಹೆಸರು ಹೇಳುವುದೆಂತು?

ಸಂಜೆ ನಮ್ಮ ಮಲಾಡಿನ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವ ಮೂಡಿಗೆರೆಯ ಕಡೆಯ ಬಂಧುಗಳೊಬ್ಬರು, ಊರಿಗೆ ಹೋಗಿ ಬಂದವರು, ಒಂದು ಸೀಸೆಯನ್ನು ಮೇಜಿನ ಮೇಲಿಟ್ಟರು. ಒಳಗೆ ಎರಡು ಬಿಳಿ ಹುಳಗಳು. ಒಂದು ಅವರ ಅಣ್ಣನ ತೋಟದ ಅರೇಬಿಕಾ ಗಿಡದ ಕಾಂಡದಲ್ಲಿ ಸಿಕ್ಕಿದ್ದು. ಇನ್ನೊಂದು ತೋಟದ ಬದಿಯಲ್ಲಿ ಒಟ್ಟಿದ್ದ ಸೌದೆ ಸೀಳಿದಾಗ ಸಿಕ್ಕಿದ್ದು. “ಎರಡೂ ಒಂದೇ ಜಾತಿಯಾದರೆ ಸೌದೆಯನ್ನೂ ಸುಡಬೇಕಲ್ಲ ಸ್ವಾಮಿ?” ಎಂದು ಕೇಳಿದರು. ಗಿರಣಿಯ ಲೆಕ್ಕ ಬರೆಯುವ ನಮಗೆ ಉತ್ತರ ತಿಳಿಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾಫಿ ಗಿಡವನ್ನು ಕೊರೆಯುವ ಹುಳವೇ ಬಿಳಿ ಕಾಂಡಕೊರಕ. ಶಾಸ್ತ್ರಜ್ಞರು ಇಟ್ಟ ಹೆಸರು ಝೈಲೋಟ್ರೆಕಸ್ ಕ್ವಾಡ್ರಿಪೆಸ್. ಇದರ ಹಾವಳಿಯನ್ನು ಕುರಿತು ಜಾರ್ಜ್ ಬಿಡಿ ಎಂಬ ವೈದ್ಯರು 1869ರಷ್ಟು ಹಿಂದೆಯೇ ಮದರಾಸಿನಲ್ಲಿ ವರದಿ ಪ್ರಕಟಿಸಿದ್ದರು. ಇದು ಉದ್ದ ಮೀಸೆಯ ದುಂಬಿಗಳ ಕುಟುಂಬಕ್ಕೆ ಸೇರಿದ್ದು. ಜಗತ್ತಿನಲ್ಲಿ ಈ ಕುಟುಂಬದ 35,000ಕ್ಕೂ ಹೆಚ್ಚು ಜಾತಿಗಳಿವೆ. ತಮಾಷೆಯೆಂದರೆ, ಕಾಫಿಯ ಈ ದುಂಬಿಯ ಮೀಸೆ ಮಾತ್ರ ಗಿಡ್ಡ! ದುಂಬಿಯಾಗಿ ಹಾರುವಾಗ ಕಪ್ಪು ಮೈಮೇಲಿನ ಬಿಳಿ ಪಟ್ಟೆ ನೋಡಿ ಗುರುತಿಸಬಹುದು. ಆದರೆ ಬಾಳಿನ ಬಹುಭಾಗವನ್ನು ಅದು ಕಾಂಡದೊಳಗೆ ಹುಳವಾಗಿಯೇ ಕಳೆಯುತ್ತದೆ. ಹುಳಕ್ಕೆ ಪಟ್ಟೆಯೂ ಇಲ್ಲ, ರೆಕ್ಕೆಯೂ ಇಲ್ಲ. ಸೌದೆ ತಿನ್ನುವ ಅದರ ದಾಯಾದಿಗಳ ಹುಳಗಳೂ ನಮ್ಮ ಕಣ್ಣಿಗೆ ಹಾಗೆಯೇ ಕಾಣುತ್ತವೆ.

ಇಲ್ಲಿಯೇ ಡಿ.ಎನ್.ಎ. ಬಾರ್‌ಕೋಡ್ ಉಪಯೋಗಕ್ಕೆ ಬರುವುದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಮುಂದಿಟ್ಟರು. ಸಾಬೂನಿನ ಪೊಟ್ಟಣದ ಮೇಲಿನ ಕಪ್ಪು ಗೆರೆಗಳನ್ನು ಅಂಗಡಿಯ ಯಂತ್ರ ಓದುವುದಿಲ್ಲವೆ? ಹಾಗೆಯೇ ಜೀವಕೋಶದೊಳಗಿನ ಡಿ.ಎನ್.ಎ.ಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹವಿದೆ. ಅದರಲ್ಲಿ ಗೊತ್ತುಮಾಡಿದ ಒಂದೇ ಕಡೆಯ ಸುಮಾರು 650 ಅಕ್ಷರಗಳನ್ನು ಓದುತ್ತಾರೆ. ಹುಳದ ಚೂರು ಮಾಂಸ ಸಾಕು. ದುಂಬಿಯಾದರೆ ಒಂದು ಕಾಲು ಸಾಕು. ಆ ಭಾಗವನ್ನು ಯಂತ್ರದಲ್ಲಿ ಅಸಂಖ್ಯ ನಕಲು ಮಾಡಿ, ಓದಿ, ಮೊದಲೇ ಹೆಸರು ಗೊತ್ತಿರುವ ದುಂಬಿಗಳ ದಫ್ತರದೊಡನೆ ತಾಳೆ ನೋಡುತ್ತಾರೆ. ಒಂದೇ ಜಾತಿಯೊಳಗೆ ವ್ಯತ್ಯಾಸ ಸಾಮಾನ್ಯವಾಗಿ ನೂರಕ್ಕೆ ಎರಡಕ್ಷರ ಮೀರದು. ಬೇರೆ ಜಾತಿಯಾದರೆ ಹೆಚ್ಚು. ಇದಕ್ಕೆ ಅಪವಾದಗಳೂ ಉಂಟು. ದಫ್ತರದಲ್ಲಿ ತಪ್ಪು ಹೆಸರು ಬರೆದಿದ್ದರೆ ಉತ್ತರವೂ ತಪ್ಪೇ. ಈ ಮಾತನ್ನು ಗುಮಾಸ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದಕಾರಣ ದುಂಬಿಯನ್ನು ಕಣ್ಣಿನಿಂದ ನೋಡಿ ಗುರುತಿಸುವ ಪಂಡಿತರ ಕೆಲಸ ಇಂದಿಗೂ ತಪ್ಪಿಲ್ಲ.

ಉಪಜಾತಿಯ ಮಾತು ಇನ್ನೂ ತೊಡಕಿನದು. ಒಂದೇ ಜಾತಿಯ ದುಂಬಿಗಳು ಬೇರೆ ಬೇರೆ ಸೀಮೆಯಲ್ಲಿ ಬಣ್ಣದಲ್ಲೋ ಆಕಾರದಲ್ಲೋ ಬೇರೆಯಾದಾಗ ಉಪಜಾತಿಯೆನ್ನುತ್ತಾರೆ. ಅಂಥವು ಒಂದಕ್ಕೊಂದು ಕೂಡಿ ಮರಿಮಾಡಲೂ ಬಹುದು. ಬಾರ್‌ಕೋಡಿನ ಆ ಬರಹವೋ ತಾಯಿಯಿಂದ ಮಾತ್ರ ಬರುವುದು. ನಮ್ಮ ತುಳುನಾಡಿನ ವಾಚಕರು ಬಳಿಯನ್ನು ನೆನೆದುಕೊಂಡರೆ ಸಾಕು: ಬಳಿ ಕೇಳಿದರೆ ತಾಯಿಯ ಮನೆತನ ತಿಳಿಯುತ್ತದೆ, ತಂದೆಯದು ತಿಳಿಯುವುದಿಲ್ಲ. ಹೀಗಾಗಿ ಎರಡು ಉಪಜಾತಿಗಳ ಬೆರಕೆಯಾದ ದುಂಬಿಯನ್ನು ಬಾರ್‌ಕೋಡ್ ತಾಯಿಯ ಕಡೆಗೇ ಸೇರಿಸಿಬಿಡುತ್ತದೆ. ಉಪಜಾತಿ ನಿರ್ಣಯಿಸಲು ದುಂಬಿಯ ಆಕಾರ, ಸಿಕ್ಕಿದ ಸ್ಥಳ, ಡಿ.ಎನ್.ಎ.ಯ ಬೇರೆ ಭಾಗಗಳು, ಇವೆಲ್ಲವನ್ನೂ ನೋಡಬೇಕು.

ಇನ್ನು ನಮ್ಮ ಬಂಧುಗಳ ಸೀಸೆ. ಎರಡು ಹುಳಗಳನ್ನೂ ಒಂದರಲ್ಲೇ ಹಾಕಿದ್ದರಿಂದ ಯಾವುದು ಕಾಫಿಯದು, ಯಾವುದು ಸೌದೆಯದು ಎಂಬುದು ಅವರಿಗೇ ತಿಳಿಯದಾಗಿತ್ತು! ಅರೇಬಿಕಾ ಕಾಂಡದ ಮೇಲೆ ಉಬ್ಬುಗೆರೆಗಳಿದ್ದು ಒಳಗೆ ಹುಳವಿದ್ದರೆ ಬಾರ್‌ಕೋಡಿಗಾಗಿ ಕಾಯಬೇಕಿಲ್ಲ. ದುಂಬಿ ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ತಿಂಗಳುಗಳಿಗೆ ಮೊದಲೇ ಗಿಡ ಕಿತ್ತು ಸುಡಬೇಕು. ಸಂಶಯವಿರುವುದು ಸೌದೆಯ ಹುಳದ್ದು. ಅದನ್ನು ಬೇರೆ ಸೀಸೆಯಲ್ಲಿ, ಫಾರ್ಮಲಿನ್ ಹಾಕದೆ, ಗಟ್ಟಿ ಆಲ್ಕೊಹಾಲಿನಲ್ಲಿಡಬೇಕು, ಫಾರ್ಮಲಿನ್ನಿನಿಂದ ಡಿ.ಎನ್.ಎ. ಕೆಡುತ್ತದೆ. ಯಾವ ಮರ, ಯಾವ ಊರು, ಯಾವ ದಿನ ಎಂಬುದನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಸೀಸೆಯ ಒಳಗೇ ಇರಲಿ, ಶಾಯಿಯಾದರೆ ಅಳಿಸಿಹೋದೀತು. ವಿಚಾರಿಸಲು ಬಾಳೆಹೊನ್ನೂರಿನಲ್ಲಿ ಕಾಫಿ ಮಂಡಳಿಯ ಸಂಶೋಧನಾ ಸಂಸ್ಥೆಯಿದೆ. ಕೀಟಗಳ ಬಾರ್‌ಕೋಡ್ ಓದುವ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಅಣ್ಣನವರಿಗೆ ಇದನ್ನೆಲ್ಲ ಬರೆದು ಅಂಚೆಗೆ ಹಾಕಿದ್ದೇವೆ. ಸೌದೆಯನ್ನು ಸದ್ಯಕ್ಕೆ ತೋಟದಿಂದ ದೂರ ಸಾಗಿಸಿರುವರಂತೆ.