ಚಿನ್ನದ ಮೀನಿನ ಬಣ್ಣ ಮಾಸಿದರೆ ಏನು ಮಾಡಬೇಕು?

ಜಾತ್ರೆಗೆ ಹೋದ ಮಕ್ಕಳು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಚಿನ್ನದ ಮೀನು ಹಿಡಿದು ಮನೆಗೆ ಬರುವುದು ಈಗ ಹಳ್ಳಿಗಳಲ್ಲಿಯೂ ಕಾಣುವ ನೋಟ. ಶಾಲೆಯ ಸಿಮೆಂಟ್ ತೊಟ್ಟಿಗಳಲ್ಲಿ ಈ ಮೀನು ಇದೆ. ಹಿತ್ತಲಿನಲ್ಲಿ ಬಣ್ಣದ ಮೀನು ಸಾಕಿ ಪೇಟೆಗೆ ಮಾರುವ ಹೆಣ್ಣುಮಕ್ಕಳ ಸಂಘಗಳೂ ಇವೆ. ತಂದ ದಿನ ಕೆಂಡದಂತೆ ಹೊಳೆಯುತ್ತಿದ್ದ ಮೀನು ಆರು ತಿಂಗಳಲ್ಲಿ ಬಿಳಿಚಿಕೊಂಡರೆ ಮಕ್ಕಳಿಗೆ ದುಃಖ, ಮಾರುವವರಿಗೆ ನಷ್ಟ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಅಂಗಡಿಗೆ ಓಡಿ ಔಷಧಿ ತರುವುದು. ಮೀನು ಸಾಯುವುದು ಅನೇಕ ವೇಳೆ ಆ ಔಷಧಿಯಿಂದಲೇ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನಮ್ಮ ಮನೆಯ ಎರಡು ಮೀನುಗಳಲ್ಲಿ ಒಂದು ಬೆನ್ನಿನಿಂದ ಹೊಟ್ಟೆಯವರೆಗೆ ಬೆಳ್ಳಗಾಯಿತು. ಅದು ಚೆನ್ನಾಗಿ ತಿನ್ನುತ್ತಿತ್ತು, ಚುರುಕಾಗಿ ಈಜುತ್ತಿತ್ತು. ಆದರೂ ರೋಗವೆಂದು ಹೆದರಿ, ಯಾರೋ ಹೇಳಿದ ನೀಲಿ ಔಷಧಿಯನ್ನು ಕಣ್ಣಳತೆಯಲ್ಲಿ ಸುರಿದೆ. ನೀರನ್ನು ಶುದ್ಧವಾಗಿಡುವ ಸೂಕ್ಷ್ಮಜೀವಿಗಳು ಆ ಔಷಧಿಯಿಂದ ಸತ್ತವು. ನಾಲ್ಕನೆಯ ದಿನ ಸತ್ತು ತೇಲಿದ್ದು ಬಿಳಿಯ ಮೀನಲ್ಲ, ಚೆನ್ನಾಗಿದ್ದ ಕೆಂಪು ಮೀನು. ಬಿಳಿಯದು ಹೇಗೋ ಉಳಿಯಿತು. ನಿಮ್ಮ ಮನೆಯಲ್ಲಿ ಹೀಗಾಗದಿರಲೆಂದು ಈ ಪಾಠವನ್ನು ಬರೆಯುತ್ತಿದ್ದೇನೆ.

ಬಣ್ಣ ಎಲ್ಲಿಂದ ಬರುತ್ತದೆ?

ಚಿನ್ನದ ಮೀನು ಮೂಲತಃ ಚೀನಾ ದೇಶದ್ದು. ಬೂದು ಹಸಿರು ಬಣ್ಣದ ಒಂದು ಸಾಧಾರಣ ಮೀನಿನ ಸಂತತಿಯಲ್ಲಿ ಆಗೊಮ್ಮೆ ಈಗೊಮ್ಮೆ ಹುಟ್ಟುತ್ತಿದ್ದ ಹಳದಿ ಮರಿಗಳನ್ನು ಅಲ್ಲಿಯ ಜನ ಬೇರೆ ಮಾಡಿ ಸಾಕಿದರು. ಸಾವಿರ ವರ್ಷಕ್ಕೂ ಮಿಕ್ಕಿ ಹೀಗೆ ಆರಿಸುತ್ತ ಬಂದುದರ ಫಲವೇ ಇಂದಿನ ಚಿನ್ನದ ಮೀನು. ಆದರೂ ಮರಿಯಾಗಿದ್ದಾಗ ಅದು ಇಂದಿಗೂ ಆ ಹಳೆಯ ಮಾಸಲು ಬಣ್ಣದಲ್ಲಿಯೇ ಇರುತ್ತದೆ. ಕೆಲವು ತಿಂಗಳಾದ ಮೇಲೆ ಮೈಯ ಕಪ್ಪು ಕರಗಿ ಒಳಗಿನ ಕೇಸರಿ ಹೊರಗೆ ಕಾಣುತ್ತದೆ.

ಮೀನಿನ ಚರ್ಮದಲ್ಲಿ ಬಣ್ಣ ತುಂಬಿದ ಸಣ್ಣ ಕೋಶಗಳಿವೆ. ಕೆಲವು ಕಪ್ಪು, ಕೆಲವು ಹಳದಿ ಕೆಂಪು, ಇನ್ನು ಕೆಲವು ಬೆಳ್ಳಿಯಂತೆ ಮಿನುಗುವಂಥವು. ಕಪ್ಪನ್ನು ಮೀನಿನ ದೇಹವೇ ತಯಾರಿಸಿಕೊಳ್ಳುತ್ತದೆ. ಆದರೆ ಹಳದಿ ಕೆಂಪಿಗೆ ಬೇಕಾದ ಕ್ಯಾರೊಟಿನಾಯ್ಡ್ ಎಂಬ ವಸ್ತುವನ್ನು ಅದು ತಯಾರಿಸಲಾರದು. ಅದು ತಿನ್ನುವ ಆಹಾರದಿಂದಲೇ ಬರಬೇಕು.

ಇದು ನಿಮಗೆ ಹೊಸ ಸಂಗತಿಯೇನಲ್ಲ. ಹಿತ್ತಲಲ್ಲಿ ಸೊಪ್ಪು, ಹುಲ್ಲು, ಹುಳು ಹೆಕ್ಕಿ ತಿನ್ನುವ ನಾಟಿ ಕೋಳಿಯ ಮೊಟ್ಟೆ ಒಡೆದು ನೋಡಿ, ಭಂಡಾರ ಗಾಢ ಹಳದಿ. ಅದೇ ಕೋಳಿಯನ್ನು ಕೂಡಿಹಾಕಿ ಬರೀ ಅಕ್ಕಿ ನುಚ್ಚು ಹಾಕಿದರೆ ಭಂಡಾರ ಬಿಳಿಚುತ್ತದೆ. ಮೀನಿನ ಮೈಗೂ ಇದೇ ಲೆಕ್ಕ. ನಾವು ಪ್ರೀತಿಯಿಂದ ಹಾಕುವ ಮಂಡಕ್ಕಿ, ಅನ್ನದ ಅಗುಳು, ಬ್ರೆಡ್ಡಿನ ಚೂರು ಇವುಗಳಲ್ಲಿ ಆ ಬಣ್ಣ ಇಲ್ಲವೆಂದೇ ಹೇಳಬೇಕು. ಇವು ಹೊಟ್ಟೆ ಉಬ್ಬಿಸುವುದಲ್ಲದೆ ನೀರನ್ನೂ ಕೆಡಿಸುತ್ತವೆ.

ಮೊದಲು ಮೀನನ್ನು ನೋಡಿ

ಔಷಧಿಯ ಯೋಚನೆ ಬಿಟ್ಟು ತೊಟ್ಟಿಯ ಪಕ್ಕದಲ್ಲಿ ಕಾಲು ಗಂಟೆ ಕುಳಿತುಕೊಳ್ಳಿ. ಮೀನು ಬೆನ್ನಿನ ರೆಕ್ಕೆ ಎತ್ತಿಕೊಂಡು ಓಡಾಡುತ್ತಿದೆಯೇ? ಆಹಾರ ಹಾಕಿದರೆ ಓಡಿ ಬರುತ್ತದೆಯೇ? ಹಾಗಿದ್ದರೆ ಬಿಳಿಯಾದುದು ಬಹುಮಟ್ಟಿಗೆ ಅದರ ಹುಟ್ಟುಗುಣ. ಕಪ್ಪು ಕರಗಿ ಕೇಸರಿಯಾದ ಮೀನುಗಳಲ್ಲಿ ಕೆಲವು ಅಲ್ಲಿಗೇ ನಿಲ್ಲದೆ ಬಿಳಿಯಾಗುವವರೆಗೂ ಹೋಗುತ್ತವೆ. ಕಪ್ಪು ಜಾತಿಯ ಮೀನುಗಳೂ ಎಷ್ಟೋ ವೇಳೆ ಬೆಳೆದಂತೆ ಕೇಸರಿಗೆ ತಿರುಗುತ್ತವೆ. ಇದಕ್ಕೆ ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ. ಬೆಳಿಗ್ಗೆ ದೀಪ ಹಾಕಿದ ಕೂಡಲೇ ಮೀನು ಪೇಲವವಾಗಿ ಕಂಡರೂ ಗಾಬರಿ ಬೇಡ. ಕತ್ತಲೆಯಲ್ಲಿ ಬಣ್ಣ ತಗ್ಗುವುದು ಸಹಜ, ಸ್ವಲ್ಪ ಹೊತ್ತಿನಲ್ಲಿ ಮರಳುತ್ತದೆ. ಆದರೆ ಹಗಲೆಲ್ಲ ಕತ್ತಲೆ ಕೋಣೆಯಲ್ಲಿಯೇ ಇಟ್ಟ ಮೀನಿನ ಬಣ್ಣ ಕ್ರಮೇಣ ಇಳಿಯುತ್ತದೆ. ಪಾತ್ರೆಯನ್ನು ಹಗಲ ಬೆಳಕು ಬೀಳುವ ಕಡೆ ಇಡಿ. ನಡುಮಧ್ಯಾಹ್ನದ ಬಿಸಿಲು ಮಾತ್ರ ಬೇಡ, ಬಿಸಿಯಾದ ನೀರಿನಲ್ಲಿ ಪ್ರಾಣವಾಯು ಕಡಿಮೆ.

ಹಾಗಲ್ಲದೆ ಮೀನು ರೆಕ್ಕೆ ಮಡಚಿಕೊಂಡು ತಳದಲ್ಲಿ ಬಿದ್ದಿದ್ದರೆ, ಇಲ್ಲವೆ ಮೇಲೆ ಬಂದು ಬಾಯಿ ತೆರೆತೆರೆದು ಗಾಳಿ ಗುಟುಕರಿಸುತ್ತಿದ್ದರೆ, ರೆಕ್ಕೆಯಲ್ಲಿ ಕೆಂಪು ಗೆರೆಗಳು ಕಂಡರೆ ದೋಷ ನೀರಿನದು. ಮೈಮೇಲೆ ಹೊಸದಾಗಿ ಕಪ್ಪು ಮಚ್ಚೆಗಳು ಕಂಡರೂ ನೀರನ್ನೇ ಶಂಕಿಸಬೇಕು. ಕೆಟ್ಟ ನೀರಿನಿಂದ ಸುಟ್ಟ ಚರ್ಮ ಮಾಯುವಾಗ ಹೀಗೆ ಕಪ್ಪಾಗುವುದುಂಟು.

ನೀರಿನ ವಿಚಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಣ್ಣ ಕೆಡುವ ಮೀನುಗಳಲ್ಲಿ ನಿಜವಾಗಿ ಅಪಾಯದಲ್ಲಿರುವವು ಕೆಟ್ಟ ನೀರಿನಲ್ಲಿರುವ ಮೀನುಗಳೇ.

ಮೀನಿನ ಮಲದಿಂದಲೂ ತಿಂದುಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಸೇರುತ್ತದೆ. ಕೊಟ್ಟಿಗೆಯನ್ನು ಗುಡಿಸದೆ ಬಿಟ್ಟರೆ ಮೂಗಿಗೆ ಹೊಡೆಯುವ ಆ ಘಾಟು ನಿಮಗೆ ಗೊತ್ತು, ಅದೇ ವಸ್ತು. ನೀರಿನಲ್ಲಿ ಅದು ಕಣ್ಣಿಗೆ ಕಾಣದು. ನೀರು ತಿಳಿಯಾಗಿದ್ದರೂ ವಿಷವಾಗಿರಬಹುದು. ಮರಳು, ಕಲ್ಲು, ಸ್ಪಂಜುಗಳಲ್ಲಿ ನೆಲೆಸಿದ ಒಂದು ಬಗೆಯ ಸೂಕ್ಷ್ಮಜೀವಿಗಳು ಇದನ್ನು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ಅಷ್ಟು ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಬೆಳೆಯಲು ಒಂದು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯಬಹುದು. ಆದುದರಿಂದ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಸೋಪು ಹಾಕಿ ತಿಕ್ಕುವುದು ಶುಚಿಯಲ್ಲ, ಕೇಡು. ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನೀರು ತೆಗೆದು ಹೊಸ ನೀರು ಹಾಕಿದರೆ ಸಾಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಿರಿ. ತೆಗೆದ ನೀರನ್ನು ತೆಂಗಿನ ಬುಡಕ್ಕೋ ಹೂಗಿಡಕ್ಕೋ ಹಾಕಿ, ಒಳ್ಳೆಯ ಗೊಬ್ಬರ.

ಹಾಕುವ ನೀರು ಎಂಥದು? ಪಂಚಾಯಿತಿಯ ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿರುತ್ತಾರೆ. ನಮಗೆ ಅದು ಹಿತ, ಮೀನಿನ ಕಿವಿರಿಗೆ ಉರಿ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಬಳಸಿರಿ. ಕೊಳವೆ ಬಾವಿಯ ನೀರಿನಲ್ಲಿ ಪ್ರಾಣವಾಯು ಕಡಿಮೆ, ಎರಡು ಕೊಡಗಳ ನಡುವೆ ಎತ್ತರದಿಂದ ಹಲವು ಸಲ ಸುರಿದು ಗಾಳಿ ಬೆರೆಸಬೇಕು. ಕ್ಷಾರವುಳ್ಳ ನೀರಿನಲ್ಲಿ ಅಮೋನಿಯದ ವಿಷ ಹೆಚ್ಚು. ಹೊಸ ಸಿಮೆಂಟ್ ತೊಟ್ಟಿಯ ಸುಣ್ಣದ ಅಂಶ ನೀರಿಗಿಳಿದು ಇದೇ ತೊಂದರೆ ಮಾಡುತ್ತದೆ. ಆದುದರಿಂದ ಅದಕ್ಕೆ ಮೀನು ಬಿಡುವ ಮೊದಲು ಎರಡು ಮೂರು ವಾರ ನೀರು ತುಂಬಿಸಿ, ಹಲವು ಸಲ ಚೆಲ್ಲಿ, ಹೊಸದಾಗಿ ತುಂಬಿಸಬೇಕು.

ಗಾಜಿನ ದುಂಡು ಬುಡ್ಡಿಯ ಬಗೆಗೆ ನನ್ನ ಅಭಿಪ್ರಾಯ ಕಟುವಾಗಿದೆ. ಅದು ನೋಡಲು ಚೆಂದ, ಮೀನಿಗೆ ಸೆರೆಮನೆ. ಚಿನ್ನದ ಮೀನು ಗೇಣುದ್ದ ಬೆಳೆಯಬಲ್ಲದು, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಒಂದು ಮೀನಿಗೆ ಕಡೆಯಪಕ್ಷ 40 ಲೀಟರ್, ಅಂದರೆ ಸುಮಾರು ಮೂರು ಕೊಡ ನೀರು ಬೇಕು.

ಏನು ತಿನ್ನಿಸಬೇಕು?

ಅಂಗಡಿಯ ಒಳ್ಳೆಯ ಮೀನಿನ ಆಹಾರದಲ್ಲಿ ಸ್ಪಿರುಲಿನ ಎಂಬ ಪಾಚಿಯೋ ಸೀಗಡಿಯ ಪುಡಿಯೋ ಇರುತ್ತದೆ, ಡಬ್ಬಿಯ ಮೇಲೆ ಓದಿ ಕೊಳ್ಳಿರಿ. ಡಬ್ಬಿ ತೆರೆದು ವರ್ಷವಾದರೆ ಅದರ ಸತ್ತ್ವ ಹೋಗಿರುತ್ತದೆ. ಜೊತೆಗೆ ಪಾಲಕ್ ಅಥವಾ ಹರಿವೆ ಸೊಪ್ಪನ್ನು ಬೇಯಿಸಿ ಸಣ್ಣಗೆ ಹೆಚ್ಚಿ, ಬೇಯಿಸಿದ ಕ್ಯಾರೆಟ್ಟನ್ನು ಮೆದು ಮಾಡಿ ವಾರಕ್ಕೆ ಎರಡು ಮೂರು ಸಲ ಕೊಡಬಹುದು. ಚೆಂಡುಹೂವಿನ ದಳದ ಹಳದಿಯೂ ಇದೇ ಜಾತಿಯ ಬಣ್ಣ. ಕೋಳಿ ಆಹಾರದಲ್ಲಿ ಅದನ್ನು ಬಳಸುವುದು ಇದಕ್ಕಾಗಿಯೇ. ಔಷಧಿ ಸಿಂಪಡಿಸದ ಹಿತ್ತಲ ಹೂವಿನ ದಳಗಳನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಒಂದು ಚಿಟಿಕೆಯನ್ನು ಆಹಾರದಲ್ಲಿ ಕಲಸಿ ಹಾಕಬಹುದು. ತೊಟ್ಟಿಯ ಒಂದು ಬದಿಯಲ್ಲಿ ಹಸಿರು ಪಾಚಿಯನ್ನು ತಿಕ್ಕದೆ ಬಿಡಿ, ಮೀನು ತಾನೇ ಮೇಯುತ್ತದೆ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಎರಡು ಸಲ ಹಾಕಿದರೆ ಸಾಕು. ಫಲ ಕಾಣಲು ಒಂದೆರಡು ತಿಂಗಳು ಬೇಕು. ಹುಟ್ಟುಗುಣದಿಂದ ಬಿಳಿಯಾದ ಮೀನು ಯಾವ ಆಹಾರಕ್ಕೂ ಮತ್ತೆ ಕೆಂಪಾಗದು.

ಕಾಯಿಲೆ ಇದ್ದರೆ

ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಒಂದು ಪರಾವಲಂಬಿಯ ಉಪದ್ರವ. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ, ಎರಡು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ತೊಟ್ಟಿಗೆ ಸೇರಿಸಿ, ಚುಕ್ಕೆ ಹೋದ ಮೇಲೂ ಒಂದು ವಾರ ಹಾಗೆಯೇ ಬಿಡಿ. ಉಪ್ಪು ಆವಿಯಾಗಿ ಹೋಗುವುದಿಲ್ಲ. ನೀರು ಬದಲಿಸಿದಾಗ ತೆಗೆದ ನೀರಿನಷ್ಟಕ್ಕೆ ಮಾತ್ರ ಉಪ್ಪು ಸೇರಿಸಬೇಕು. ಅರಳೆಯಂಥ ಬೂಷ್ಟು, ಹುಣ್ಣು ಕಂಡರೆ ಆ ಮೀನನ್ನು ಬೇರೆ ಪಾತ್ರೆಗೆ ಹಾಕಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳನ್ನು ಕೇಳಿ. ಔಷಧಿ ಹಾಕಲೇಬೇಕಾದರೆ ಆ ಬೇರೆ ಪಾತ್ರೆಯಲ್ಲಿ, ಅಳತೆ ಮಾಡಿ ಹಾಕಿರಿ.

ಕೊನೆಗೆ ಒಂದು ಮಾತು. ಬಣ್ಣ ಹೋದ ಮೀನು ಬೇಡವೆಂದು ಊರ ಕೆರೆಗೋ ಬಾವಿಗೋ ಬಿಡಬೇಡಿ. ಅದು ತಳದ ಕೆಸರು ಕೆದಕಿ ನೀರನ್ನು ಕದಡುತ್ತದೆ, ಬೇರೆ ಮೀನುಗಳ ಮೊಟ್ಟೆ ತಿನ್ನುತ್ತದೆ, ನಮ್ಮ ತೊಟ್ಟಿಯ ರೋಗವನ್ನು ಕೆರೆಗೆ ಒಯ್ಯುತ್ತದೆ. ಆಸ್ಟ್ರೇಲಿಯ, ಅಮೆರಿಕಗಳ ಹೊಳೆ ಸರೋವರಗಳಲ್ಲಿ ಹೀಗೆ ಬಿಟ್ಟ ಚಿನ್ನದ ಮೀನು ಬೆಳೆದು ಪೀಡೆಯಾಗಿದೆ. ಸಾಕಲಾರದಿದ್ದರೆ ತೊಟ್ಟಿ ಇರುವ ಶಾಲೆಗೋ ನೆರೆಯವರಿಗೋ ಕೊಡಿ. ನಮ್ಮ ಮನೆಯ ಬಿಳಿ ಮೀನು ಈಗ ಪಕ್ಕದ ಬೀದಿಯ ಅಂಗನವಾಡಿಯ ತೊಟ್ಟಿಯಲ್ಲಿದೆ. ಅಲ್ಲಿಯ ಮಕ್ಕಳು ಅದನ್ನು ಬೆಳ್ಳಿ ಮೀನು ಎಂದು ಕರೆಯುತ್ತಾರೆ.