ಒಂದು ವಿಳಾಸ, ಹಲವು ಬರಹ

ಪತ್ರವು ಊರು ತಪ್ಪದೆ ಮನೆ ಸೇರಬೇಕಾದರೆ ವಿಳಾಸವು ಸ್ಪಷ್ಟವಾಗಿರಬೇಕು. ಅಂತರಜಾಲದ ಗಣಕಯಂತ್ರಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳ ಹಳೆಯ ಬಗೆಯ ವಿಳಾಸವು ಸೊನ್ನೆ ಮತ್ತು ಒಂದುಗಳಿಂದಾದ 32 ಬಿಟ್‌ಗಳ ಸಾಲು. ಓದುವವರ ಅನುಕೂಲಕ್ಕಾಗಿ ಅದನ್ನು 192.0.2.5 ಎಂಬಂತೆ ನಾಲ್ಕು ಸಂಖ್ಯೆಗಳಾಗಿ ಬರೆಯುವರು. ಇದರ ಮುಂಭಾಗವು ಜಾಲವನ್ನು, ಎಂದರೆ ಊರನ್ನು ಸೂಚಿಸಿದರೆ, ಹಿಂಭಾಗವು ಯಂತ್ರವನ್ನು, ಎಂದರೆ ಮನೆಯನ್ನು ಸೂಚಿಸುತ್ತದೆ. ಮುಂಭಾಗಕ್ಕೆ ಪ್ರಿಫಿಕ್ಸ್ ಎಂದು ಹೆಸರು.

ಊರು ಎಲ್ಲಿ ಮುಗಿದು ಮನೆ ಎಲ್ಲಿ ಆರಂಭವಾಗುವುದು? ಮೊದಲು ಇದಕ್ಕೆ 8, 16, 24 ಬಿಟ್ ಎಂಬ ಮೂರೇ ಅಳತೆಗಳಿದ್ದವು. 24ರ ಜಾಲದಲ್ಲಿ 254 ಯಂತ್ರಗಳಿಗೆ ಮಾತ್ರ ಎಡೆ. 16ರ ಜಾಲದಲ್ಲಿ 65,534 ಯಂತ್ರಗಳಿಗೆ. ಎರಡು ಸಾವಿರ ಯಂತ್ರಗಳುಳ್ಳ ಸಂಸ್ಥೆಯು ದೊಡ್ಡದನ್ನು ಪಡೆದು ಬಹುಪಾಲನ್ನು ಪಾಳು ಬಿಡಬೇಕಾಗುತ್ತಿತ್ತು. 1993ರಲ್ಲಿ ಈ ಕಟ್ಟು ಸಡಿಲವಾಯಿತು. ಗಡಿಯನ್ನು ಎಲ್ಲಿಯಾದರೂ ಇಡಬಹುದಾದುದರಿಂದ ಅದನ್ನು ಬರೆದು ತೋರಿಸುವುದು ಅನಿವಾರ್ಯವಾಯಿತು. 255.255.255.0 ಎಂಬ ಉದ್ದನೆಯ ಮಾಸ್ಕ್ ಹೇಳುವುದನ್ನು 192.0.2.0/24 ಎಂಬಲ್ಲಿನ ಒಂದು ಓರೆಗೆರೆ ಹೇಳಿಬಿಡುತ್ತದೆ.

ಮುಂದೆ 128 ಬಿಟ್‌ಗಳ ಹೊಸ ವಿಳಾಸ ಬಂದಿತು. ಅದರಲ್ಲಿ ಎಂಟು ಗುಂಪುಗಳು. ಅಂಕಿಗಳು ಸಾಲದೆ ಎ ಇಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳೂ ಸೇರಿದವು. ಸೊನ್ನೆಗಳನ್ನು ಬರೆಯಲೂ ಬಹುದು, ಬಿಡಲೂ ಬಹುದು ಎಂಬ ಸಲುಗೆ ಬೇರೆ! 2002:0:0:0:0:0:0:0/16 ಎಂದರೂ ಒಂದೇ, 2002::/16 ಎಂದರೂ ಒಂದೇ. ಯಂತ್ರಕ್ಕೆ ಇದರಿಂದ ತೊಡಕಿಲ್ಲ; ಮನುಷ್ಯನಿಗೆ ಉಂಟು. ಜಾಲದ ಮೇಲೆ ದಾಳಿಯಾದಾಗ ಅದರ ಮೇಲ್ವಿಚಾರಕನು ಸಾವಿರಾರು ಸಾಲುಗಳ ದಾಖಲೆಯಲ್ಲಿ ಒಂದು ಪ್ರಿಫಿಕ್ಸನ್ನು ಹುಡುಕುತ್ತಾನೆ. ದಾಖಲೆಯಲ್ಲಿ ಅದು ಬೇರೊಂದು ರೂಪದಲ್ಲಿದ್ದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಹುಡುಕಾಟವು ‘ಇಲ್ಲ’ ಎನ್ನುತ್ತದೆ. ಇದ್ದುದನ್ನು ಇಲ್ಲವೆನ್ನುವ ಈ ಉತ್ತರವು ಉತ್ತರವೇ ಬಾರದಿರುವುದಕ್ಕಿಂತ ಅಪಾಯಕರ.

ಜಪಾನಿನ ಸೇಯಿಚಿ ಕವಾಮುರಾ ಮತ್ತು ಮಸನೋಬು ಕವಾಶಿಮಾ ಎಂಬ ತಂತ್ರಜ್ಞರು ಇದಕ್ಕೊಂದು ಪರಿಹಾರವನ್ನು ಬರೆದರು. ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಎಂಬ ಮಂಡಲಿಯು 2010ರ ಆಗಸ್ಟ್ ತಿಂಗಳಲ್ಲಿ ಅದನ್ನು ಪ್ರಕಟಿಸಿತು. ಈ ಮಂಡಲಿಯಲ್ಲಿ ಮತದಾನವಿಲ್ಲ. ಸಭೆಯಲ್ಲಿ ಕೆಲವೊಮ್ಮೆ ನೆರೆದವರು ಬಾಯಿ ಮುಚ್ಚಿ ಗುನುಗುವುದರಿಂದಲೇ ಒಲವನ್ನು ಅಳೆಯುವುದುಂಟು. ಗುಂಪಿನ ಮೊದಲಲ್ಲಿ ಬರುವ ಸೊನ್ನೆಗಳನ್ನು ಬಿಡಬೇಕು, ಸೊನ್ನೆಯ ಗುಂಪುಗಳ ಅತಿ ಉದ್ದನೆಯ ಸಾಲನ್ನು ಮಾತ್ರ ಜೋಡಿ ವಿವರಣಚಿಹ್ನೆಯಿಂದ ಅಡಗಿಸಬೇಕು, ಅಕ್ಷರಗಳು ಚಿಕ್ಕವಾಗಿರಬೇಕು. ಪ್ರಿಫಿಕ್ಸಿಗೂ ಇದೇ ನಿಯಮ. ಗುಂಪಿನ ಕೊನೆಯ ಸೊನ್ನೆಗಳನ್ನಾದರೋ ಮುಟ್ಟುವಂತಿಲ್ಲ: 2000::/3 ಎಂಬುದನ್ನು 2::/3 ಎಂದು ಬರೆದರೆ ಊರೇ ಬೇರೆಯಾಗುತ್ತದೆ.

ಹಳೆಯ ರೂಪಗಳನ್ನು ಈ ನಿಯಮವು ಬಹಿಷ್ಕರಿಸಲಿಲ್ಲ. ಬರೆಯುವಾಗ ಒಂದೇ ರೂಪ. ಓದುವಾಗ ಮಾತ್ರ ಯಂತ್ರವು ಸಮ್ಮತವಾದ ಎಲ್ಲ ರೂಪಗಳನ್ನೂ ಸ್ವೀಕರಿಸಲೇಬೇಕು.